ಮತ್ಸ್ಯಸರಟದ ಲಕ್ಷಣವಿಚಾರ

ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬನು ಕುಂಸಿಯ ಕಡೆಯ ಹಳ್ಳವೊಂದರಿಂದ ಅಂಗೈಯಗಲದ ಕಲ್ಲೊಂದನ್ನು ತಂದು ನಮ್ಮ ಜಗುಲಿಯ ಮೇಲಿಟ್ಟನು. ಅದರಲ್ಲಿ ಒಂದರ ಮೇಲೊಂದಾಗಿ ಬಿಲ್ಲಿನಂತೆ ಬಾಗಿದ ಗೆರೆಗಳಿದ್ದುವು. “ಮೇಷ್ಟ್ರೇ, ಇದು ಹಳೆಯ ಕಾಲದ ಕಡಲಪ್ರಾಣಿಯ ಪಕ್ಕೆಲುಬಲ್ಲವೆ?” ಎಂದು ಕೇಳಿದನು. “ಅಲ್ಲಪ್ಪ” ಎಂದೆನು. “ಅಲ್ಲವೆಂದು ನಿಮಗೆ ಹೇಗೆ ಗೊತ್ತು?” ಎಂದನು. ಪ್ರಶ್ನೆಯು ನ್ಯಾಯವಾದುದು. ಉತ್ತರವನ್ನು ಜಗುಲಿಯ ಮೇಲೆ ಕುಳಿತು ಎರಡು ಮಾತಿನಲ್ಲಿ ಮುಗಿಸುವಂತಿರಲಿಲ್ಲ. ಆದಕಾರಣ ಅದನ್ನು ಈ ಪತ್ರಿಕೆಯ ವಾಚಕರ ಮುಂದೆಯೂ ಇಡುತ್ತಿರುವೆನು.

ಒಂದು ವಸ್ತುವನ್ನು ಇದು ಇಂಥದೆಂದು ಗುರುತಿಸಬೇಕಾದರೆ ಅದರ ಲಕ್ಷಣವನ್ನು ತಿಳಿದಿರಬೇಕು. ಲಕ್ಷಣವೆಂದರೆ ಅಸಾಧಾರಣಧರ್ಮ, ಆ ವಸ್ತುವಿನಲ್ಲೆಲ್ಲ ಇದ್ದು ಬೇರೊಂದರಲ್ಲಿ ಇಲ್ಲದ ಗುಣ. ಆಕಳಿಗೆ ಕಪಿಲವರ್ಣವನ್ನು ಲಕ್ಷಣವಾಗಿ ಹೇಳಿದರೆ ಬಿಳಿಯ ಆಕಳು ಬಿಟ್ಟುಹೋಗುವುದು, ಇದು ಅವ್ಯಾಪ್ತಿ. ಕೊಂಬನ್ನು ಹೇಳಿದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂಟಿ ಗೊರಸನ್ನು ಹೇಳಿದರೆ ಯಾವ ಆಕಳಿಗೂ ಅದು ಇಲ್ಲ, ಇದು ಅಸಂಭವ. ಪಾಠಶಾಲೆಯಲ್ಲಿ ತರ್ಕದ ಮೊದಲ ಪುಸ್ತಕವನ್ನು ಓದಿದವರೆಲ್ಲರಿಗೂ ಇದು ತಿಳಿದ ವಿಷಯ. ಆಕಳು ಕಣ್ಣೆದುರಿಗೆ ನಿಂತಿರುವಾಗ ಇಷ್ಟೆಲ್ಲ ಎಚ್ಚರಿಕೆಯೇತಕ್ಕೆಂದು ನಾವು ಆಗ ನಗುತ್ತಿದ್ದುದುಂಟು. ಆದರೆ ಪ್ರಾಣಿಯು ಕೋಟ್ಯಂತರ ವರ್ಷಗಳ ಹಿಂದೆಯೇ ನಿರ್ವಂಶವಾಗಿ, ಅದರ ನಾಲ್ಕು ಎಲುಬುಗಳು ಮಾತ್ರ ಕಲ್ಲಾಗಿ ಉಳಿದಿರುವಲ್ಲಿ ಈ ಎಚ್ಚರಿಕೆಯೊಂದೇ ಕೈಹಿಡಿಯತಕ್ಕದ್ದು.

ಜಲಚರಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ನೀರಿನಲ್ಲಿ ವೇಗವಾಗಿ ಈಜಬೇಕಾದ ದೇಹವು ಯಾವ ಕುಲದ್ದಾದರೂ ಹೆಚ್ಚುಕಡಮೆ ಒಂದೇ ಆಕಾರವನ್ನು ತಾಳುವುದು. ಶಾರ್ಕ್ ಮೀನು, ಡಾಲ್ಫಿನ್ ಎಂಬ ಸ್ತನಿ, ನಾವು ಹೇಳಹೊರಟಿರುವ ಸರೀಸೃಪ, ಈ ಮೂರರ ನೆರಳನ್ನು ಮಾತ್ರ ನೋಡಿದವನು ಮೂರನ್ನೂ ಮೀನೆಂದೇ ಹೇಳುವನು. ನಮ್ಮ ಅಮರಸಿಂಹನು ಮೀನು, ಏಡಿ, ಆಮೆ, ಮೊಸಳೆಗಳೆಲ್ಲವನ್ನೂ ವಾರಿವರ್ಗದಲ್ಲಿ ಒಟ್ಟಿಗೆ ಕೂರಿಸಿದನು. ಕೋಶಕಾರನಿಗೆ ಅದು ದೋಷವಲ್ಲ. ಅವನು ಪದಗಳನ್ನು ಹುಡುಕಿಕೊಳ್ಳಲು ಅನುಕೂಲವಾಗುವಂತೆ ವಾಸಸ್ಥಾನದಿಂದ ವಿಂಗಡಿಸಿದನೇ ಹೊರತು ಕುಲದಿಂದಲ್ಲ. ಆದರೆ ಪಾಶ್ಚಾತ್ಯ ಪಂಡಿತರು ಕುಲವನ್ನೇ ಹುಡುಕುತ್ತಿದ್ದರೂ ಮೊದಲು ಇದೇ ಜಾಡಿನಲ್ಲಿ ಎಡವಿದರು.

ಹಾಲೆಂಡ್ ದೇಶದ ಮಾಸ್ಟ್ರಿಕ್ಟ್ ಪಟ್ಟಣದ ಬಳಿ ಸುಣ್ಣಕಲ್ಲಿನ ಗಣಿಗಳುಂಟು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಭಾರಿಯಾದ ದವಡೆಗಳು ದೊರೆತುವು. ಹಾಫ್‌ಮನ್ ಎಂಬ ವೈದ್ಯನು ಅದನ್ನು ಮೊಸಳೆಯೆಂದನು. ಪೆಟ್ರಸ್ ಕಾಂಪರ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞನು 1786ರಲ್ಲಿ ಅದು ತಿಮಿಂಗಿಲವೆಂದು ವಾದಿಸಿದನು. ಕಾಂಪರನ ಮಗ ಏಡ್ರಿಯಾನನು ತಂದೆಯ ಮಾತನ್ನು ಒಪ್ಪದೆ ಅದನ್ನು ಉಡದ ಬಂಧುವೆಂದು ತೀರ್ಮಾನಿಸಿದನು. ನಮ್ಮ ಮಲೆನಾಡಿನ ಬೇಲಿಸಾಲಿನಲ್ಲಿ ಸರಿದುಹೋಗುವ ಆ ಉಡವೇ! ಪ್ಯಾರಿಸ್ಸಿನ ಕ್ಯೂವಿಯೆ ಮಹಾಶಯನು 1808ರಲ್ಲಿ ಮಗನ ಪಕ್ಷವನ್ನೇ ಎತ್ತಿಹಿಡಿದನು. ಆ ಪ್ರಾಣಿಗೆ ದವಡೆಗಳಲ್ಲಷ್ಟೇ ಅಲ್ಲದೆ ಅಂಗುಳಿನ ಎಲುಬಿನಲ್ಲಿಯೂ ಹಲ್ಲುಗಳಿದ್ದುವು. ಮೊಸಳೆಗೆ ಅಂಗುಳಿನ ಹಲ್ಲಿಲ್ಲ, ತಿಮಿಂಗಿಲಕ್ಕೂ ಇಲ್ಲ. ಕೆಲವು ಜಾತಿಯ ಓತಿಗಳಿಗೂ ಹಾವುಗಳಿಗೂ ಉಂಟು. ಗಾತ್ರವನ್ನು ನೋಡಿದವರು ಮೋಸಹೋದರು, ಬಾಯೊಳಗೆ ನೋಡಿದವನು ಗೆದ್ದನು. 1822ರಲ್ಲಿ ಅದಕ್ಕೆ ಮೋಸಸಾರಸ್ ಎಂಬ ಹೆಸರಾಯಿತು. ಆ ಪಟ್ಟಣದ ಬಳಿ ಹರಿಯುವ ಮ್ಯೂಸ್ ನದಿಯಿಂದ ಬಂದ ಹೆಸರಿದು. ಇಲ್ಲಿ ಒಂದು ಮಾತು ಹೇಳಬೇಕು. ಗ್ರೀಕಿನ ‘ಸಾರಸ್’ ನಮ್ಮ ಸಾರಸಪಕ್ಷಿಯಲ್ಲ. ಅದಕ್ಕೆ ಹಲ್ಲಿ, ಓತಿಯೆಂದು ಅರ್ಥ. ಸಂಸ್ಕೃತದ ‘ಸರಟ’ ಶಬ್ದವು ಅರ್ಥದಲ್ಲಿಯೂ ಕಿವಿಗೂ ಇದಕ್ಕೆ ಸಮೀಪವಾಗಿರುವುದರಿಂದ ಅದನ್ನು ಬಳಸಿಕೊಳ್ಳುವುದು ಯುಕ್ತವೆಂದು ನನಗೆ ತೋರುತ್ತದೆ. ಮುಂದೆ ಹೇಳುವ ‘ಇಕ್ತಿಯೊಸಾರಸ್’ ಎಂಬುದು ಈ ರೀತಿಯಲ್ಲಿ ಮತ್ಸ್ಯಸರಟವಾಗುವುದು.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಲೈಮ್ ರೀಜಿಸ್ ಎಂಬ ಸಣ್ಣ ಊರಿದೆ. ಅಲ್ಲಿಯ ಕಡಲಬದಿಯ ಬಂಡೆಗಳು ಸುಮಾರು 20 ಕೋಟಿ ವರ್ಷಗಳ ಹಿಂದೆ ಕೆಸರಾಗಿ ಕೂತವು. ಮಳೆಗಾಲದಲ್ಲಿ ಅವು ಕುಸಿದಾಗ ಹೊರಬೀಳುವ ಕಲ್ಲಾದ ಚಿಪ್ಪುಗಳನ್ನು ಆರಿಸಿ ಪ್ರವಾಸಿಗರಿಗೆ ಮಾರಿ ಜೀವಿಸುತ್ತಿದ್ದ ಬಡ ಬಡಗಿಯೊಬ್ಬನ ಮಕ್ಕಳು ಜೋಸೆಫ್ ಮತ್ತು ಮೇರಿ ಆನಿಂಗ್. ತಂದೆಯು 1810ರಲ್ಲಿ ತೀರಿಕೊಂಡನು. 1811ರಲ್ಲಿ ಅಣ್ಣನಿಗೆ ನಾಲ್ಕಡಿ ಉದ್ದದ ತಲೆಬುರುಡೆಯೊಂದು ಕಂಡಿತು. ಮರುವರ್ಷ ತಂಗಿಯು ಅದರ ಮಿಕ್ಕ ದೇಹವನ್ನು ಕಂಡುಹಿಡಿದಳು. ಆಗ ಅವಳು ಇನ್ನೂ ಬಾಲಿಕೆ. ಅದನ್ನು ಊರಿನ ಜಮೀನುದಾರನು ಸುಮಾರು 23 ಪೌಂಡಿಗೆ ಕೊಂಡನು. ಅಲ್ಲಿಂದ ಅದು ಲಂಡನಿನ ಪ್ರದರ್ಶನಶಾಲೆಗೆ ಹೋಗಿ, 1819ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.

ಅದನ್ನು ಮೊದಲು ವರ್ಣಿಸಿದವನು ಸರ್ ಎವರಾರ್ಡ್ ಹೋಮ್ ಎಂಬ ಶಸ್ತ್ರವೈದ್ಯನು. 1814ರಿಂದ ಆರು ವರ್ಷಗಳಲ್ಲಿ ಅವನು ರಾಯಲ್ ಸೊಸೈಟಿಯಲ್ಲಿ ಓದಿದ ಲೇಖನಗಳನ್ನು ಒಂದಾದಮೇಲೊಂದಾಗಿ ನೋಡಿದರೆ ಪಂಡಿತನು ದಾರಿತಪ್ಪುವ ಬಗೆಯು ಚೆನ್ನಾಗಿ ತಿಳಿಯುತ್ತದೆ. ಬೆನ್ನುಮಣಿಗಳನ್ನು ನೋಡಿ ಮೀನಿಗೆ ಸಮೀಪವೆಂದನು. ಭುಜದ ಎಲುಬುಗಳನ್ನು ನೋಡಿ ಆಸ್ಟ್ರೇಲಿಯದ, ಬಾತಿನ ಕೊಕ್ಕುಳ್ಳ ಪ್ಲಾಟಿಪಸ್ಸಿನ ಹೋಲಿಕೆಯನ್ನು ಕಂಡನು. ಕೊನೆಗೆ 1819ರಲ್ಲಿ, ಗುಹೆಯ ನೀರಿನಲ್ಲಿ ವಾಸಿಸುವ ಪ್ರೋಟಿಯಸ್ ಎಂಬ ಕುರುಡು ಪ್ರಾಣಿಗೂ ಓತಿಗೂ ನಡುವಣದೆಂದು ಬಗೆದು ‘ಪ್ರೋಟಿಯೊಸಾರಸ್’ ಎಂದು ಹೆಸರಿಟ್ಟನು. ಒಂದೊಂದು ಅಂಗವನ್ನು ಪ್ರತ್ಯೇಕವಾಗಿ ಹಿಡಿದು, ಅದಕ್ಕೆ ಹೋಲುವ ಪ್ರಾಣಿಯನ್ನು ಹುಡುಕುತ್ತ ಹೋದುದೇ ಅವನ ದೋಷ. ಹೋಲಿಕೆಯು ಲಕ್ಷಣವಲ್ಲ. ಅಷ್ಟರಲ್ಲಿ ಮ್ಯೂಸಿಯಮ್ಮಿನ ಕೋನಿಗ್ ಎಂಬವನು 1817ರಲ್ಲಿ ಇಕ್ತಿಯೊಸಾರಸ್ ಎಂಬ ಹೆಸರನ್ನು ಸೂಚಿಸಿದ್ದನು. 1821ರಲ್ಲಿ ಪಾದ್ರಿ ಕಾನಿಬೇರನೂ ಡೆ ಲಾ ಬೆಷನೂ ಕೂಡಿ ಬರೆದ ಲೇಖನದಿಂದ ಆ ಹೆಸರೇ ನಿಂತಿತು. ಹೋಮನ ಲೇಖನಗಳಲ್ಲಿ ಮೇರಿ ಆನಿಂಗಳ ಹೆಸರು ಬರುವುದಿಲ್ಲ. 1823ರಲ್ಲಿ ಅವಳೇ ಅಗೆದು ತೆಗೆದ ನೀಳಕೊರಳಿನ ಪ್ಲೀಸಿಯೊಸಾರಸ್ಸನ್ನು ಮರುವರ್ಷ ಜಿಯಲಾಜಿಕಲ್ ಸೊಸೈಟಿಯ ಮುಂದಿಟ್ಟು ಕಾನಿಬೇರನು ಮಾಡಿದ ಭಾಷಣದಲ್ಲಿಯೂ ಬರಲಿಲ್ಲ. ಆ ಕೊರಳಿನಲ್ಲಿ 30ಕ್ಕೂ ಮೇಲ್ಪಟ್ಟು ಮಣಿಗಳಿದ್ದುದರಿಂದ ಕ್ಯೂವಿಯೆಯು ಇದು ಎರಡು ಪ್ರಾಣಿಗಳ ಎಲುಬನ್ನು ಜೋಡಿಸಿದ ಕೃತ್ರಿಮವೆಂದು ಶಂಕಿಸಿ, ಅನಂತರ ತನ್ನ ಶಂಕೆಯು ತಪ್ಪೆಂದು ಒಪ್ಪಿಕೊಂಡನು. ಅವನು ಒಪ್ಪದಿದ್ದರೆ ಆ ಹುಡುಗಿಯ ಜೀವನವೃತ್ತಿಯೇ ಹಾಳಾಗುತ್ತಿತ್ತು. ಸಟೆ ಎಲುಬು ಮಾರುವವಳೆಂಬ ಅಪವಾದ ಬಂದಮೇಲೆ ಅವಳ ಸರಕನ್ನು ಯಾರು ಕೊಳ್ಳುವರು?

ಹಾಗಾದರೆ ಮತ್ಸ್ಯಸರಟದ ಅಸಾಧಾರಣಧರ್ಮವು ಯಾವುದು? ಬೆನ್ನುಮಣಿಯು ಎರಡು ಊಟದ ತಟ್ಟೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿಟ್ಟಂತೆ ಎರಡು ಕಡೆಯೂ ತಗ್ಗಾದ ಚಪ್ಪಟೆ ಬಿಲ್ಲೆ. ಇದು ಮೀನುಗಳಲ್ಲಿಯೂ ಉಂಟಾದ್ದರಿಂದ ಇದೊಂದೇ ಸಾಲದು. ಮೂತಿಯು ನೀಳವಾಗಿದ್ದರೂ ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿಲ್ಲದೆ ಕಣ್ಣಿನ ಹತ್ತಿರ ಇರುವುವು, ಕಿವಿರಿನ ಎಲುಬುಗಳಿಲ್ಲ. ಆದುದರಿಂದ ಅದು ಮೇಲಕ್ಕೆ ಬಂದು ಗಾಳಿಯನ್ನು ಉಸಿರಾಡುತ್ತಿದ್ದ ಪ್ರಾಣಿ. ಕಣ್ಣಿನ ಗುಳಿಯಲ್ಲಿ ತಾವರೆಯ ಎಸಳುಗಳನ್ನು ಸುತ್ತ ಜೋಡಿಸಿದಂತೆ ಎಲುಬಿನ ಹಲ್ಲೆಗಳ ಬಳೆ. ಹಲ್ಲುಗಳ ಬುಡವು ಒಳಕ್ಕೆ ಮಡಿಕೆಮಡಿಕೆಯಾಗಿ ನೆರಿಗೆ ಹಿಡಿದಿದೆ. ಈಜುರೆಕ್ಕೆಯನ್ನು ಬಿಡಿಸಿ ನೋಡಿದರೆ ಒಳಗೆ ನಮ್ಮ ತೋಳಿನಂತೆಯೇ ಒಂದು ಭುಜಾಸ್ಥಿ, ಮೊಣಕೈಯ ಎಲುಬುಗಳು, ಅದರಿಂದಾಚೆಗೆ ಬೆರಳುಗಳು. ಆದರೆ ಬೆರಳಿನ ಗೆಣ್ಣುಗಳು ಎರಡು ಮೂರರ ಬದಲು ಹತ್ತಾರಾಗಿ, ಕಲ್ಲುಹಾಸಿದ ಅಂಗಳದಂತೆ ಒತ್ತೊತ್ತಾಗಿ ಕೂಡಿಕೊಂಡಿರುವುವು. ಮೀನಿನ ರೆಕ್ಕೆಯಲ್ಲಿ ಇಂಥ ತೋಳಿಲ್ಲ. ಇವೆಲ್ಲವೂ ಒಂದೇ ದೇಹದಲ್ಲಿ ಕೂಡಿಬಂದರೆ ಅದು ನೆಲದ ಸರೀಸೃಪವೊಂದು ಕಡಲಿಗೆ ಮರಳಿ ಮೀನಿನ ವೇಷವನ್ನು ತಾಳಿದ ಕುಲವೆಂದು ನಿಶ್ಚಯಿಸಬಹುದು.

ಬಾಲದ ಕಥೆಯು ಇನ್ನೂ ಸ್ವಾರಸ್ಯವಾದುದು. ಅಸ್ಥಿಪಂಜರಗಳಲ್ಲಿ ಬಾಲದ ಎಲುಬು ಒಂದು ಗೊತ್ತಾದ ಸ್ಥಳದಲ್ಲಿ ಕೆಳಕ್ಕೆ ಬಾಗಿರುವುದು ಪದೇ ಪದೇ ಕಂಡುಬರುತ್ತಿತ್ತು. ರಿಚರ್ಡ್ ಓವೆನ್ ಎಂಬವನು 1838ರಲ್ಲಿ, ಸತ್ತಮೇಲೆ ಬಾಲದ ರೆಕ್ಕೆಯ ಭಾರದಿಂದ ಎಲುಬು ಜಾರಿದುದೇ ಇದಕ್ಕೆ ಕಾರಣವೆಂದು ಊಹಿಸಿದನು. ರೆಕ್ಕೆಯಿತ್ತೆಂಬ ಊಹೆಯು ನಿಜವಾಯಿತು, ಜಾರಿತೆಂಬುದು ಸುಳ್ಳಾಯಿತು. 1890ರ ದಶಕದಲ್ಲಿ ಜರ್ಮನಿಯ ಹೋಲ್ಟ್ಸ್‌ಮಾಡೆನ್ ಎಂಬಲ್ಲಿ ಚರ್ಮದ ಅಂಚುಗಳ ಗುರುತೂ ಕಲ್ಲಿನಲ್ಲಿ ಉಳಿದಿದ್ದ ದೇಹಗಳು ಸಿಕ್ಕಿದಾಗ, ಆ ಬಾಗು ಸಹಜವೆಂದೂ, ಬೆನ್ನೆಲುಬು ಬಾಲದ ಕೆಳಗಣ ಹಾಳೆಯೊಳಕ್ಕೆ ಇಳಿಯುತ್ತಿತ್ತೆಂದೂ ತಿಳಿದುಬಂದಿತು. ಶಾರ್ಕ್ ಮೀನಿನಲ್ಲಿ ಅದು ಮೇಲಣ ಹಾಳೆಗೆ ಏರುವುದು. ಡಾಲ್ಫಿನ್ನಿನ ಬಾಲವೋ ನಿಂತಿರದೆ ಅಡ್ಡವಾಗಿ ಹರಡಿರುವುದು. ನೆರಳಿನಲ್ಲಿ ಒಂದೇ ಆಗಿದ್ದ ಮೂರು ಪ್ರಾಣಿಗಳನ್ನು ಬಾಲವೊಂದೇ ಬೇರ್ಪಡಿಸಿಬಿಟ್ಟಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ತಮಿಳುನಾಡಿನ ತಿರುಚಿನಾಪಳ್ಳಿಗೆ ಈಶಾನ್ಯದಲ್ಲಿ ಉತ್ತತ್ತೂರು, ಕಾರೈ, ಅರಿಯಲೂರು ಮೊದಲಾದ ಊರುಗಳ ಸುತ್ತ ಹಳೆಯ ಕಡಲಿನ ಕೆಸರು ಒಣಗಿ ಕಲ್ಲಾಗಿ ನಿಂತಿದೆ. ಕೇ ಮತ್ತು ಕನ್‌ಲಿಫ್ ಎಂಬ ಇಬ್ಬರು ಕಂಪೆನಿ ಸರಕಾರದ ಅಧಿಕಾರಿಗಳು ಅಲ್ಲಿ ಆರಿಸಿ ಕಳುಹಿಸಿದ ಚಿಪ್ಪುಗಳನ್ನು ಎಡ್ವರ್ಡ್ ಫೋರ್ಬ್ಸನು 1846ರಲ್ಲಿ ವರ್ಣಿಸಿದನು. ಭಾರತದ ಭೂಸರ್ವೇಕ್ಷಣ ಇಲಾಖೆಯ ಬ್ಲಾನ್‌ಫರ್ಡನು 1862ರಲ್ಲಿ ಆ ಪದರಗಳ ವಿವರವನ್ನು ಪ್ರಕಟಿಸಿದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು ಅದೇ ಸೀಮೆಯ ನಿನಿಯೂರು ಸುಣ್ಣಕಲ್ಲಿನಲ್ಲಿ ಕಲ್ಲಾದ ಪಾಚಿಗಳನ್ನು ಗುರುತಿಸಿ, ಯೂಲಿಯಸ್ ಪಿಯಾ ಎಂಬ ಪಂಡಿತನೊಡನೆ 1936ರಲ್ಲಿ ಗ್ರಂಥವನ್ನು ಹೊರತಂದರೆಂಬುದನ್ನು ಕನ್ನಡಿಗರಾದ ನಾವು ನೆನೆಯತಕ್ಕದ್ದೇ.

ಆ ಉತ್ತತ್ತೂರು ಪದರಗಳಿಂದ ಬಂದ ಕೆಲವು ಬೆನ್ನುಮಣಿಗಳನ್ನು ನೋಡಿ, ಭೂಸರ್ವೇಕ್ಷಣ ಇಲಾಖೆಯಲ್ಲಿದ್ದ ರಿಚರ್ಡ್ ಲಿಡೆಕರನು 1879ರಲ್ಲಿ ‘ಇಕ್ತಿಯೊಸಾರಸ್ ಇಂಡಿಕಸ್’ ಎಂಬ ಹೊಸ ಹೆಸರನ್ನಿಟ್ಟನು. ಭಾರತದ ಮತ್ಸ್ಯಸರಟಕ್ಕೆ ಇದೇ ಮೊದಲ ನಾಮಕರಣ. ಆದರೆ ಬಿಲ್ಲೆಯಂಥ ಬೆನ್ನುಮಣಿಯು ಮತ್ಸ್ಯಸರಟಗಳಿಗೆಲ್ಲ ಸಾಮಾನ್ಯವಾದುದು. ಕುಲವನ್ನು ತೋರಿಸಲು ಅದು ಸಹಾಯಮಾಡೀತು. ಇದು ಇಂಡಿಕಸ್ಸೇ, ಬೇರೆಯಲ್ಲ ಎಂದು ಹೇಳಲು ಅದರಲ್ಲಿ ಏನಿದೆ? ಕೊಂಬನ್ನು ತೋರಿಸಿ ಗೌರಿಯೆಂಬ ಹಸುವನ್ನು ಗುರುತಿಸಿದಂತಾಯಿತು. ಆದಕಾರಣ ಈಚಿನ ವಿದ್ವಾಂಸರು ಆ ಹೆಸರನ್ನು ಸಂದೇಹಾಸ್ಪದವೆಂದು ಎಣಿಸಿರುವರು. ಇಕ್ತಿಯೊಸಾರಸ್ ಎಂಬ ಪೂರ್ವಪದವಂತೂ ನಿಲ್ಲಲಾರದು. ನಿಜವಾದ ಇಕ್ತಿಯೊಸಾರಸ್ಸು ಸುಮಾರು 20 ಕೋಟಿ ವರ್ಷಗಳಷ್ಟು ಹಿಂದಿನದು. ಉತ್ತತ್ತೂರಿನ ಪದರಗಳು ಸುಮಾರು 10 ಕೋಟಿ ವರ್ಷಗಳವು. 1922ರಲ್ಲಿ ಜರ್ಮನಿಯ ಹ್ಯೂನೆಯು ಏರ್ಪಡಿಸಿದ ಪ್ಲಾಟಿಪ್ಟೆರಿಜಿಯಸ್ ಎಂಬ ಗಣಕ್ಕೆ ಅದನ್ನು ಸೇರಿಸುವುದು ವಾಡಿಕೆಯಾಯಿತು. 2011ರಲ್ಲಿ ಕಾರೈ ಪದರಗಳ ಮೀನುಗಳನ್ನು ವರ್ಣಿಸಿದವರು ಅವುಗಳ ಜೊತೆಗೆ ಸಿಕ್ಕಿದ ಮತ್ಸ್ಯಸರಟದ ಅವಶೇಷಗಳನ್ನು ಆ ಹೆಸರಿನಲ್ಲಿಯೇ ಕರೆದರು. ಆದರೆ ಈ ಪ್ಲಾಟಿಪ್ಟೆರಿಜಿಯಸ್ಸೂ ಎಲ್ಲಿಯೂ ಸೇರದುದನ್ನೆಲ್ಲ ಹಾಕುವ ಬುಟ್ಟಿಯಾಗಿರುವುದೆಂದು ಈಗ ಆಕ್ಷೇಪಣೆ ಹುಟ್ಟಿದೆ.

ಲಿಡೆಕರನನ್ನು ಹಳಿಯಲು ನನಗೆ ಮನಸ್ಸಿಲ್ಲ. ಹತ್ತು ವರ್ಷಗಳಾದಮೇಲೆ, 1889ರಲ್ಲಿ, ಅವನೇ ಇಂಗ್ಲೆಂಡಿನ ಎಲುಬುಗಳನ್ನು ಪುನಃ ಪರಿಶೀಲಿಸಿ ಟೆಮ್ನೊಡೊಂಟೊಸಾರಸ್ ಎಂಬ ಬೇರೊಂದು ಗಣವನ್ನು ಪ್ರತ್ಯೇಕಿಸಿದನು. ಆನಿಂಗ್ ಮಕ್ಕಳು ತೆಗೆದ ಆ ಮೊದಲ ತಲೆಬುರುಡೆಯನ್ನು ಇಂದು ಆ ಗಣಕ್ಕೆ ಸೇರಿಸುವರು. ಎಂದರೆ, ಯಾವ ದೇಹದ ದೆಸೆಯಿಂದ ಇಕ್ತಿಯೊಸಾರಸ್ ಎಂಬ ಹೆಸರು ಹುಟ್ಟಿತೋ ಆ ದೇಹಕ್ಕೇ ಆ ಹೆಸರು ಈಗ ಇಲ್ಲ!

ಇದಕ್ಕೆ ಹೋಲಿಸಿದರೆ ಕಚ್ಛದಲ್ಲಿ ಮೊನ್ನೆಮೊನ್ನೆ ನಡೆದ ಕೆಲಸವು ನನ್ನ ಮನಸ್ಸಿಗೆ ಹೆಚ್ಚು ಒಪ್ಪುವಂಥದು. ಗುಜರಾತಿನ ಕಚ್ಛ ಜಿಲ್ಲೆಯ ಲೋಡಾಯಿ ಗ್ರಾಮದ ದಕ್ಷಿಣದಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯದ ಜಿ. ವಿ. ಆರ್. ಪ್ರಸಾದರೂ ಅವರ ಸಂಗಡಿಗರಾದ ಭಾರತೀಯ ಮತ್ತು ಜರ್ಮನ್ ವಿದ್ವಾಂಸರೂ ಎಲುಬುಗಳು ಬಹುಮಟ್ಟಿಗೆ ಜೋಡಣೆ ಕೆಡದೆ ಉಳಿದಿದ್ದ ಮತ್ಸ್ಯಸರಟವೊಂದನ್ನು ವರ್ಣಿಸಿ 2017ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಜುರಾಸಿಕ್ ಯುಗದ ಮತ್ಸ್ಯಸರಟವು ಭಾರತದಲ್ಲಿ ದೊರೆತುದು ಅದೇ ಮೊದಲು. ಬೆನ್ನೆಲುಬಿನ ಸಾಲೂ ಮೂತಿಯ ಮುಂಭಾಗವೂ ಇದ್ದುವು. ತಲೆಯ ಕೆಲವು ಭಾಗಗಳೂ ಬಾಲದ ತುದಿಯೂ ಇರಲಿಲ್ಲ. ಇಲ್ಲದುದನ್ನು ಲೆಕ್ಕಹಾಕಿ ಸೇರಿಸಿ ಪ್ರಾಣಿಯ ಉದ್ದವು 5ರಿಂದ 5.5 ಮೀಟರುಗಳೆಂದು ಅಂದಾಜು ಮಾಡಿದರು. ಆಫ್ಥಾಲ್ಮೊಸಾರಿಡೇ ಎಂಬ, ದೊಡ್ಡ ಕಣ್ಣಿನಿಂದ ಹೆಸರು ಪಡೆದ ಮನೆತನಕ್ಕೆ ಅದು ಸೇರಿದುದೆಂದು ಹೇಳಿದರು. ಈ ಮನೆತನದವಕ್ಕೆ ಭುಜಾಸ್ಥಿಯ ಕೆಳತುದಿಗೆ ಎರಡೇ ಎಲುಬುಗಳು ಬಂದು ಸೇರುವುದರ ಬದಲು ಮುಂದುಗಡೆ ಮೂರನೆಯದೊಂದು ಸೇರಿಕೊಂಡಿರುವುದು ವಿಶೇಷ ಲಕ್ಷಣ. ಮನೆತನವನ್ನು ಹೇಳಿದರು, ಅಲ್ಲಿಗೆ ನಿಲ್ಲಿಸಿದರು. ಹೊಸ ಹೆಸರಿಡಲಿಲ್ಲ. ಅಷ್ಟು ದೊಡ್ಡ ದೇಹವು ಕೈಯಲ್ಲಿದ್ದೂ ಹೆಸರಿಡದೆ ಇರುವುದು ಸಣ್ಣ ಸಂಯಮವಲ್ಲ. ನಾಲ್ಕು ಮಣಿಗಳಿಗೆ ಹೆಸರಿಟ್ಟ ಲಿಡೆಕರನಿಗೂ ಇವರಿಗೂ ನಡುವೆ ಕಳೆದ 138 ವರ್ಷಗಳಲ್ಲಿ ಶಾಸ್ತ್ರವು ಕಲಿತದ್ದು ಇದು.

ಆ ಕಲ್ಲು ಸುಮಾರು 15 ಕೋಟಿ ವರ್ಷಗಳದೆಂದು ಹೇಗೆ ಗೊತ್ತಾಯಿತೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ತಮ್ಮ ದೇವರಮನೆಯಲ್ಲಿಯೇ ನೋಡಬಹುದು. ಗಂಡಕಿಯ ಶಾಲಗ್ರಾಮದೊಳಗೆ ಕಾಣುವ ಚಕ್ರವು ಅಮೊನೈಟ್ ಎಂಬ, ಸುರುಳಿ ಚಿಪ್ಪಿನ ಕಡಲಪ್ರಾಣಿಯ ಗುರುತು. ನಮ್ಮ ಹಿರಿಯರು ದ್ವಾರ, ಚಕ್ರ, ವರ್ಣ, ರೇಖೆಗಳನ್ನು ಪರೀಕ್ಷಿಸಿ ಇದು ಲಕ್ಷ್ಮೀನಾರಾಯಣ, ಇದು ನರಸಿಂಹ, ಇದು ಸುದರ್ಶನ ಎಂದು ನಿರ್ಣಯಿಸುತ್ತಿದ್ದರು. ಭೂವಿಜ್ಞಾನಿಯೂ ಸುರುಳಿಯ ಬಿಗಿ, ಏಣು, ಒಳಗೋಡೆಯ ಗೆರೆಗಳನ್ನು ನೋಡಿ ಜಾತಿಯನ್ನು ಹೇಳುವನು. ಉದ್ದೇಶಗಳು ಬೇರೆ; ಪೂಜೆಗೆ ಇದರಿಂದ ಕುಂದೇನೂ ಇಲ್ಲ. ಅಮೊನೈಟುಗಳ ಜಾತಿಗಳು ಬಹುಬೇಗ ಹುಟ್ಟಿ ಬಹುಬೇಗ ಅಳಿಯುತ್ತಿದ್ದುದರಿಂದ ಒಂದೊಂದು ಪದರಕ್ಕೂ ಅದರದೇ ಆದ ಜಾತಿಗಳುಂಟು. ಕಚ್ಛದ ಅಮೊನೈಟುಗಳನ್ನು ವಾಗೆನ್ ಎಂಬವನು 1870ರ ದಶಕದಲ್ಲಿಯೂ ಸ್ಪಾತ್ ಎಂಬವನು 1927ರಿಂದ 1933ರವರೆಗೂ ವಿಸ್ತಾರವಾಗಿ ವರ್ಣಿಸಿಟ್ಟಿದ್ದರು. ಆ ಚಿಪ್ಪುಗಳ ಸಾಲು ಮೊದಲೇ ಗೊತ್ತಾಗಿದ್ದುದರಿಂದ, ಅವುಗಳ ಜೊತೆಯಲ್ಲಿ ಸಿಕ್ಕಿದ ಸರೀಸೃಪಕ್ಕೂ ಕಾಲವು ಗೊತ್ತಾಯಿತು. ಚಿಪ್ಪಿಲ್ಲದೆ, ಪದರದ ಗುರುತಿಲ್ಲದೆ, ಯಾವನೋ ಮಾರುವವನ ಕೈಯಿಂದ ಬಂದ ಎಲುಬಿಗೆ ಈ ಸಾಕ್ಷ್ಯದಲ್ಲಿ ಅರ್ಧವು ನಷ್ಟವಾದಂತೆಯೇ ಸರಿ.

ಪ್ರಕೃತ ನಮ್ಮ ಆಯನೂರಿನ ಕಲ್ಲಿನ ವಿಷಯ. ಅದು ಪಕ್ಕೆಲುಬಲ್ಲವೆಂದು ಹೇಳಲು ನಾನು ಕಲ್ಲನ್ನು ನೋಡಬೇಕಾಗಿಯೇ ಇರಲಿಲ್ಲ. ಅದು ಬಂದ ನೆಲವನ್ನು ನೋಡಿದರೆ ಸಾಕು. ಶಿವಮೊಗ್ಗದಿಂದ ಆಯನೂರು, ಕುಂಸಿಗಳ ಸುತ್ತ ಇರುವ ಬಂಡೆಗಳೂ, ಭದ್ರಾವತಿಯ ಸುತ್ತಣ ಬಂಡೆಗಳೂ ಧಾರವಾಡ ಶಿಲಾಸಮೂಹಕ್ಕೂ ಅದಕ್ಕಿಂತ ಹಳೆಯ ಬುನಾದಿಗೂ ಸೇರಿದುವು. ಅವು 250 ಕೋಟಿ ವರ್ಷಗಳಿಗೂ ಹಿಂದಿನವು. ಮತ್ಸ್ಯಸರಟಗಳು ಹುಟ್ಟಿದುದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಅಳಿದುದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಕಡಲಿದ್ದ ಕಾಲದಲ್ಲಿ ಎಲುಬಿರಲಿಲ್ಲ. ಎಲುಬು ಬಂದ ಕಾಲಕ್ಕೆ ಇಲ್ಲಿ ಕಡಲಿನ ಕೆಸರು ಉಳಿದಿಲ್ಲ. ನಮ್ಮ ನೆಲದಲ್ಲಿ ಈ ಪ್ರಾಣಿಯನ್ನು ಹುಡುಕುವುದು ತರ್ಕದವರು ಹೇಳುವ ಅಸಂಭವಕ್ಕೆ ಸರಿಯಾದ ಉದಾಹರಣೆ.

ಇದನ್ನು ಹೇಳಿದಾಗ ಹುಡುಗನ ಮುಖವು ಬಾಡಿತು. ಅವನಿಗೆ ಇನ್ನೊಂದು ಸಂಗತಿಯನ್ನೂ ಹೇಳಿದೆನು. ಶಿವಮೊಗ್ಗದ ಶಿಲಾಪಟ್ಟಿಯ ಡೋಲೊಮೈಟ್ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟುಗಳೆಂಬ ರಚನೆಗಳಿರುವುದನ್ನು 1989ರಲ್ಲಿ ವಿದ್ವಾಂಸರು ಪ್ರಕಟಿಸಿರುವರು. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಲೋಳೆಯ ಹಾಸಾಗಿ ಹರಡಿ, ಅದರ ಮೇಲೆ ಕೆಸರು ಕೂತು, ಮತ್ತೆ ಹಾಸು ಬೆಳೆದು, ಹೀಗೆ ಪದರದ ಮೇಲೆ ಪದರವಾಗಿ ಕಮಾನುಕಮಾನಾಗಿ ಎದ್ದು ನಿಂತುದೇ ಅವು. ಮತ್ಸ್ಯಸರಟವು ಕಡಲಿಗಿಳಿಯುವುದಕ್ಕೆ 200 ಕೋಟಿ ವರ್ಷಗಳಿಗೂ ಮೊದಲೇ ಇಲ್ಲಿ ಜೀವವಿತ್ತು.

“ಹಾಗಾದರೆ ಇದು ಅದೇ!” ಎಂದು ಅವನು ಕಲ್ಲನ್ನು ಎತ್ತಿಕೊಂಡನು. ಅದನ್ನು ಹೇಳಲು ನನಗೆ ಅಧಿಕಾರವಿಲ್ಲ. ಬಾಗಿದ ಗೆರೆಯು ಬಂಡೆಯು ಒತ್ತಡದಿಂದ ಮಡಿಚಿದಾಗಲೂ ಉಂಟಾಗುವುದು. ಕಲ್ಲನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವವರು ಹೇಳಬೇಕು. ಅದು ಸಿಕ್ಕಿದ ಸ್ಥಳವನ್ನು ಅವನ ಬಾಯಿಂದ ಸರಿಯಾಗಿ ಕೇಳಿಕೊಂಡು, ಹಳ್ಳದ ಯಾವ ದಂಡೆ, ಬಂಡೆಯಿಂದ ಕಿತ್ತುದೋ ಬಿಡಿಯಾಗಿ ಬಿದ್ದಿದ್ದುದೋ ಎಂಬುದನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಕಲ್ಲಿಗೆ ಅಂಟಿಸಿದೆವು. ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.